ಎಸ್ಕ್ವೈರ್ ವೀಳ್ಯ

ಚಳ್ಳಕೆರೆಯಂಥ ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಇಂಥವು ತಪ್ಪಿದ್ದಲ್ಲ. ಮಾತ್ರೆ ಡಬ್ಬಿಯೊಳಗಿನ ಮಡಚಿದ ಕಾಗದ, ಬೋರ್‌ವೆಲ್ ಮೋಟಾರಿನ ಜೊತೆ ಬಂದ ಪುಸ್ತಕ, ದುಬೈಯಿಂದ ಯಾರೋ ತಂದ ಸೆಂಟಿನ ಬಾಟಲಿ, ಎಲ್ಲವೂ ಕೊನೆಗೆ ನನ್ನ ಮನೆಯ ಜಗುಲಿಗೇ ಬರುತ್ತಿದ್ದವು. ಓದಿ ಹೇಳಿದರೆ "ಅಷ್ಟೇನಾ?" ಎನ್ನುತ್ತಿದ್ದರು. ತಡವರಿಸಿದರೆ "ಇದೂ ಬರಲ್ಲ ಅಂದ್ರೆ ಮತ್ತೇನು ಓದಿದ್ದು?" ಎನ್ನುತ್ತಿದ್ದರು. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಇಂಗ್ಲಿಷರೇ ಬೇಡವೆಂದು ಬಿಟ್ಟ ಒಂದು ಪದ ಹುಡುಕಿಕೊಂಡು ಬಂದು ನನ್ನ ಕೊರಳಿಗೆ ಬಿತ್ತು.

ಮೊದಲು ನನ್ನ ಪರಿಸ್ಥಿತಿ ಹೇಳುತ್ತೇನೆ. ತೊಂಬತ್ತರ ದಶಕದ ನಡುವೆ ನಾನು ಅಲ್ಲಿನ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದೆ. ಸೇರಿದ್ದು ತಾತ್ಕಾಲಿಕವಾಗಿ. ಸ್ಕೂಲು ಇಂದಲ್ಲ ನಾಳೆ ಸರ್ಕಾರದ ಅನುದಾನಕ್ಕೆ ಒಳಪಡುತ್ತದೆ, ಆಗ ಇಂಗ್ಲಿಷಿಗೆ ಒಂದೇ ಒಂದು ಖಾಯಂ ಹುದ್ದೆ ಸಿಗುತ್ತದೆ, ಆ ಹುದ್ದೆಗೆ ನನ್ನ ಹೆಸರು ಹೋಗಬೇಕಾದರೆ ಆಡಳಿತ ಮಂಡಳಿಯ ಇಬ್ಬರು ಸಹಿ ಹಾಕಬೇಕು. ಇಬ್ಬರೂ ಒಡಹುಟ್ಟಿದವರು. ಅಣ್ಣ ಅಧ್ಯಕ್ಷರು, ಚಳ್ಳಕೆರೆಯಲ್ಲೇ ಎಣ್ಣೆ ಮಿಲ್ಲು. ತಮ್ಮ ಕಾರ್ಯದರ್ಶಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಜನ ಅವರನ್ನು ದೊಡ್ಡ ಯಜಮಾನರು, ಸಣ್ಣ ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಆ ಎರಡು ಸಹಿಗಾಗಿ ನಾನು ಪಟ್ಟ ಪಾಡು ಇಲ್ಲಿದೆ. ನಗು ಬಂದರೆ ನಗಿ. ನನಗೆ ಆಗ ಬರಲಿಲ್ಲ.

ತಾತನ ಹೆಸರಿಗೆ ಬಾಲ

ದೊಡ್ಡ ಯಜಮಾನರ ಪಡಸಾಲೆಯ ಗೋಡೆಯ ಮೇಲೆ ಗಾಜು ಹಾಕಿದ ಒಂದು ಹಳೆಯ ಕಾಗದ ಇತ್ತು. ಯಾವುದೋ ಕಾಲದಲ್ಲಿ ಬಿಳಿ ದೊರೆಯೊಬ್ಬ ಬ್ರಹ್ಮಗಿರಿ ಕಡೆ ಬಂಡೆಯ ಮೇಲಿನ ಬರಹ ನೋಡಲು ಹೊರಟಾಗ ಇವರ ತಾತ ಅವನಿಗೆ ಎತ್ತಿನ ಗಾಡಿ ಕೊಟ್ಟು, ಮೊಸರನ್ನ ಕಟ್ಟಿ ಕಳಿಸಿದ್ದರಂತೆ. ಉಪಕಾರವಾಯಿತು ಎಂದು ದೊರೆ ಬರೆದ ಎರಡು ಸಾಲು ಅದು. ಬಂಡೆಯ ಮೇಲಿನದನ್ನು ಓದಲು ದೂರದೂರದಿಂದ ಜನ ಬರುತ್ತಿದ್ದರು. ಗೋಡೆಯ ಮೇಲಿನದನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ.

ಒಂದು ದೀಪಾವಳಿಗೆ ಸುಣ್ಣ ಹೊಡೆಸುವಾಗ ಅದನ್ನು ಕೆಳಗಿಳಿಸಿದರು. ನನಗೆ ಕರೆ ಬಂತು.

"ಮೇಷ್ಟ್ರೇ, ಇದ್ರಾಗೆ ನಮ್ಮ ತಾತನ ಹೆಸರೈತೆ, ಊರೈತೆ. ಹೆಸರಾದ್ಮೇಲೆ ಇದೇನೋ ಬಾಲ ಐತಲ್ಲ, ಏನದು?"

"ಎಸ್ಕ್ವೈರ್ ಅಂತ, ಯಜಮಾನ್ರೇ. ಹಳೇ ಇಂಗ್ಲಿಷು. ಈಗ ಬಳಸಲ್ಲ."

"ಬಳಸದಿದ್ರೆ ಹೋಗ್ಲಿ, ಅರ್ಥ ಹೇಳ್ರಿ."

ಪದದ ಅರ್ಥವನ್ನು ಆಸೆಯಿಂದ ಕೇಳುವವರು ನನಗೆ ಸಿಕ್ಕಿದ್ದೇ ಅಪರೂಪ. ಮಕ್ಕಳು ಕೇಳುತ್ತಿದ್ದದ್ದು "ಇದು ಪರೀಕ್ಷೆಗೆ ಬರ್ತೈತಾ ಸಾರ್?" ಎಂದು ಮಾತ್ರ. ಹಾಗಾಗಿ ಉತ್ಸಾಹ ಬಂದು ಬುಡದಿಂದ ಶುರುಮಾಡಿದೆ. ಮೊದಲಿಗೆ ಈ ಪದಕ್ಕೆ, ಕುದುರೆ ಏರಿದ ವೀರನ ಹಿಂದೆ ಗುರಾಣಿ ಹೊತ್ತು ನಡೆಯುವವನು ಎಂದು ಅರ್ಥವಿತ್ತು. ಆಮೇಲೆ ವೀರನಿಗಿಂತ ಒಂದು ಮೆಟ್ಟಿಲು ಕೆಳಗಿನ ಮರ್ಯಾದಸ್ಥ ಎಂದಾಯಿತು. ಆಮೇಲೆ ಜಮೀನು ಇದ್ದವನು ಎಂದಾಯಿತು. ಕೊನೆಕೊನೆಗೆ ಕಾಗದ ಬರೆಯುವಾಗ ಯಾವ ಗಂಡಸಿನ ಹೆಸರಾದ ಮೇಲಾದರೂ ಮರ್ಯಾದೆಗೆ ಸೇರಿಸುವ ಮಾತಾಯಿತು. ಸಿಕ್ಕಸಿಕ್ಕವರಿಗೆಲ್ಲ ಹಚ್ಚಿ ಹಚ್ಚಿ ಸವೆದು ಬಿದ್ದುಹೋಯಿತು. ಅಮೆರಿಕದಲ್ಲಿ ವಕೀಲರು ಮಾತ್ರ ಇನ್ನೂ ಇಟ್ಟುಕೊಂಡಿದ್ದಾರೆ ಎಂಬುದನ್ನೂ ಸೇರಿಸಿದೆ.

ಅವಲಕ್ಕಿಯಲ್ಲಿ ಶೇಂಗಾ ಬೀಜ ಆರಿಸಿಕೊಂಡಂತೆ ಯಜಮಾನರು ಇಷ್ಟರಲ್ಲಿ ಒಂದನ್ನೇ ಆರಿಸಿಕೊಂಡರು. "ಜಮೀನಿದ್ದೋರಿಗೆ ಕೊಡೋದು ಅನ್ರಿ."

"ಆ ಕಾಲದಲ್ಲಿ, ಹೌದು."

"ಪಟೇಲಿಕೆ ವಾಪಸ್ ತಗಂಡಂಗೆ ಸರ್ಕಾರ ಇದನ್ನೂ ವಾಪಸ್ ತಗಂಡೈತಾ?"

"ವಾಪಸ್ ತಗೊಳ್ಳೋಕೆ ಇದೇನು ಸರ್ಕಾರ ಕೊಟ್ಟಿದ್ದಲ್ಲ ಯಜಮಾನ್ರೇ. ಬರೀ ಮಾತಿನ ಮರ್ಯಾದೆ."

"ಅಂದ್ರೆ ವಾಪಸ್ ತಗಂಡಿಲ್ಲ."

"ಇಲ್ಲ."

ಅವರು ಗಾಜನ್ನು ಪಂಚೆಯ ಅಂಚಿನಿಂದ ಒರೆಸಿ, ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು. "ಪಟೇಲಿಕೆ ಹೋದ್ರೂ ಇದೊಂದು ನಮ್ಮನೇಲೇ ಉಳಕಂಡೈತಂತೆ ಕಣೇ. ಮೇಷ್ಟ್ರಿಗೆ ಕಾಫಿ ಕೊಡು."

ಶ್ರೀ ಇಲ್ಲದ ಹೆಸರು

ವಾರದೊಳಗೆ ಮಿಲ್ಲಿನ ಗೇಟಿಗೆ ಹೊಸ ಬೋರ್ಡು ಬಂತು. ಏಣಿಯ ಮೇಲೆ ಬೋರ್ಡು ಬರೆಯುವವನು, ಕೆಳಗೆ ಯಜಮಾನರು, ಪಕ್ಕದಲ್ಲಿ ಪಾಠ ಬಿಟ್ಟು ಬಂದ ನಾನು. ರಸ್ತೆಯಾಚೆ ಸ್ಕೂಲಿನಲ್ಲಿ ನನ್ನ ಕ್ಲಾಸಿನ ಹುಡುಗರು ಕಿರುಚಾಡುತ್ತಿದ್ದದ್ದು ಕೇಳುತ್ತಿತ್ತು. ಅಧ್ಯಕ್ಷರೇ ಕರೆಸಿದ ಮೇಲೆ ಅದು ಕಿರುಚಾಟವಲ್ಲ, ಸ್ವಯಂ ಅಧ್ಯಯನ.

ಅಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಯಜಮಾನ್ರೇ, ಒಂದು ಕ್ರಮ ಇದೆ. ಎಸ್ಕ್ವೈರ್ ಹಾಕಿದ ಮೇಲೆ ಹೆಸರಿಗೆ ಮೊದಲು ಮಿಸ್ಟರ್ ಹಾಕಬಾರದು. ಒಂದೇ ಮರ್ಯಾದೆ ಎರಡು ಸಲ ಆಗುತ್ತೆ. ಹಾಗಾಗಿ ಶ್ರೀ ತೆಗೆಸಬೇಕು."

ಏಣಿಯ ಮೇಲಿದ್ದವನ ಕುಂಚ ನಿಂತಿತು. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಶ್ರೀ ತೆಗೆಯೋದಾ? ಬದುಕಿರೋ ಮನುಷ್ಯನ ಹೆಸರಿಂದ ಶ್ರೀ ತೆಗೆದ್ರೆ ಜನ ಏನು ತಿಳ್ಕಂತಾರೆ ಮೇಷ್ಟ್ರೇ? ನಾಳೆ ಬೆಳಗ್ಗೆ ಹಾರ ತಗಂಡು ಬರ್ತಾರೆ."

ಶ್ರೀ ಉಳಿಯಿತು. ಎಸ್ಕ್ವೈರೂ ಉಳಿಯಿತು. ಹೀಗೆ ಹಿಂದೊಂದು ಮುಂದೊಂದು ಮರ್ಯಾದೆ ಇಟ್ಟುಕೊಂಡ ಮನುಷ್ಯ ಇಂಗ್ಲೆಂಡಿನಲ್ಲೂ ಹುಟ್ಟಿರಲಿಕ್ಕಿಲ್ಲ. ಬೋರ್ಡು ನೋಡಲು ಬಂದ ಯಜಮಾನರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಅದು ಹೆಂಗಸರಿಗಿಲ್ಲವಾ ಮೇಷ್ಟ್ರೇ?"

"ಇಲ್ಲ ಅಮ್ಮಾರೇ, ಗಂಡಸರಿಗೆ ಮಾತ್ರ."

ಅವರು ಬೋರ್ಡನ್ನು ಇನ್ನೊಂದು ಸಲ ನೋಡಿದರು. "ಉಡಾಕೆ ಬರಲ್ಲ, ತೊಡಾಕೆ ಬರಲ್ಲ, ಕಷ್ಟಕ್ಕೆ ಒತ್ತೆ ಇಡಾಕೂ ಬರಲ್ಲ. ಅದಕ್ಕೇ ಗಂಡಸರಿಗೆ ಬಿಟ್ಟವ್ರೆ."

ವೀಳ್ಯಕ್ಕೆ ಎರಡು ಕೈ

ನಮ್ಮ ಕಡೆ ನಿಶ್ಚಿತಾರ್ಥದಲ್ಲಿ ವೀಳ್ಯ ಕೂಗುವ ಪದ್ಧತಿ ಇದೆ. ಒಬ್ಬ ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿಕೊಂಡು ಎದ್ದು ನಿಂತು ದೇವರ ವೀಳ್ಯ, ಗುರುಗಳ ವೀಳ್ಯ, ಊರ ಗೌಡರ ವೀಳ್ಯ, ಶಾನುಭೋಗರ ವೀಳ್ಯ ಎಂದು ವರಸೆಯಾಗಿ ಕೂಗುತ್ತಾನೆ. ಹೆಸರಿಗೆ ಸಂಬಂಧಪಟ್ಟವರು ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಗೌಡಿಕೆ, ಶಾನುಭೋಗಿಕೆ ಕಾನೂನಿನಲ್ಲಿ ಹೋಗಿ ಎಷ್ಟೋ ಕಾಲವಾಗಿದ್ದರೂ ವೀಳ್ಯದ ತಟ್ಟೆಯಲ್ಲಿ ಯಾವುದೂ ಹೋಗಿಲ್ಲ. ಒಂದು ವೀಳ್ಯ ಕೂಗುವುದು ಮರೆತರೆ ಸಾಕು, ಆ ಮನೆಯವರು ಉಣ್ಣದೆ ಎದ್ದು ಹೋಗುತ್ತಾರೆ, ಆಮೇಲೆ ಎರಡು ತಲೆಮಾರು ಮಾತಿರುವುದಿಲ್ಲ.

ನನ್ನಿವಾಳದಲ್ಲಿ ಯಜಮಾನರ ಸಂಬಂಧಿಕರ ಮನೆಯ ನಿಶ್ಚಿತಾರ್ಥ. ಹುದ್ದೆಯ ಆಸೆಯಿದ್ದವನು ಯಜಮಾನರ ಕಡೆಯ ಯಾವ ಊಟವನ್ನೂ ತಪ್ಪಿಸಬಾರದು, ಹಾಗಾಗಿ ನಾನೂ ಹೋಗಿದ್ದೆ. ಗೌಡರ ವೀಳ್ಯ ಆಯಿತು, ಶಾನುಭೋಗರ ವೀಳ್ಯ ಆಯಿತು. ಕೂಗುವವನು ಒಮ್ಮೆ ದೊಡ್ಡ ಯಜಮಾನರ ಮುಖ ನೋಡಿ ಗಟ್ಟಿಯಾಗಿ ಕೂಗಿದ.

"ಎಸ್ಕ್ವೈರ್ರ ವೀಳ್ಯ."

ಗಂಡಿನ ಕಡೆಯ ಮುದುಕರೊಬ್ಬರು ಪಕ್ಕದವರನ್ನು "ಅದ್ಯಾವ ಮನೆತನದೋರು?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಅಷ್ಟರಲ್ಲಿ ತಟ್ಟೆಯ ಮೇಲೆ ಎರಡು ಕೈ ಬಂದಿದ್ದವು. ಒಂದು ಅಣ್ಣನದು. ಇನ್ನೊಂದು ತಮ್ಮನದು.

"ಕೈ ತೆಗೆಯಲೇ," ಎಂದರು ದೊಡ್ಡ ಯಜಮಾನರು. "ಹಿರೇಮಗನ ಹಿರೇಮಗ ನಾನು."

"ತಾತನ ಹೆಸರಿಗೆ ಬಂದಿದ್ದು ಕಣಣ್ಣ. ಅವನೇನು ನಿನಗೊಬ್ಬನಿಗೇ ತಾತನಾ?"

"ಮನೆ ಪಾಲಾದಾಗ ಇದನ್ನ ಕೇಳಿದ್ಯಾ?"

"ಇದೈತೆ ಅಂತ ನೀನು ಹೇಳಿದ್ಯಾ?"

ಇಬ್ಬರ ಕೈಯೂ ಹಿಂದಕ್ಕೆ ಹೋಗಲಿಲ್ಲ. ಯಾರಿಗೆ ಕೊಟ್ಟರೂ ತಟ್ಟೆ ಹಿಡಿದವನಿಗೆ ಆ ಊರಿನಲ್ಲಿ ಬಾಳುವೆ ಇಲ್ಲ. ಅವನು ಸುತ್ತಲೂ ನೋಡಿ, ಯಾರಿಗೂ ಸಂಬಂಧವಿಲ್ಲದ ನನ್ನನ್ನು ಹುಡುಕಿ, ವೀಳ್ಯವನ್ನು ನನ್ನ ಅಂಗೈಗೆ ಒತ್ತಿದ. "ತೀರ್ಮಾನ ಆಗೋತನಕ ನೀವಿಟ್ಕಳ್ರಿ ಮೇಷ್ಟ್ರೇ."

ಆ ವೀಳ್ಯವನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ದೇವರ ಗೂಡಿನಲ್ಲಿಟ್ಟೆ. ಮರುದಿನ ನೋಡಿದರೆ ಇರಲಿಲ್ಲ. ಹೆಂಡತಿಯ ತುಟಿ ಕೆಂಪಗಿತ್ತು.

"ಅಯ್ಯೋ, ಅದು ವ್ಯಾಜ್ಯದಲ್ಲಿರೋ ವೀಳ್ಯ ಕಣೇ," ಎಂದೆ.

"ಎಲೆ ಬಾಡ್ತಿತ್ತು, ನಾನು ಹಾಕ್ಕಂಡೆ. ವ್ಯಾಜ್ಯ ನೀವು ಇಟ್ಕಳಿ," ಎಂದಳು.

ಹುಣಸೆ ಮರದ ತೀರ್ಮಾನ

ವ್ಯಾಜ್ಯ ನನ್ನ ಹತ್ತಿರವೇ ಉಳಿಯಿತು. ಎಸ್ಕ್ವೈರ್ ಯಾರ ಪಾಲಿಗೆ ಎಂದು ತೀರ್ಮಾನಿಸಲು ಮೊಳಕಾಲ್ಮೂರಿನಲ್ಲಿ, ಸಣ್ಣ ಯಜಮಾನರ ಅಂಗಡಿಯ ಮಹಡಿಯ ಮೇಲೆ, ಹಿರಿಯರ ಪಂಚಾಯಿತಿ ಸೇರುವುದೆಂದಾಯಿತು. ಪದದ ವಿಷಯ ಗೊತ್ತಿದ್ದವನು ನಾನೊಬ್ಬನೇ. ನಾನು ಬರಲೇಬೇಕು.

ಹಿಂದಿನ ದಿನ ಹೆಡ್ಮಾಸ್ತರು ನನ್ನನ್ನು ಕರೆದು ಬಾಗಿಲು ಹಾಕಿದರು. "ನೋಡ್ರಿ, ಅನುದಾನದ ಫೈಲು ಓಡಾಡ್ತೈತೆ. ದೊಡ್ಡೋರ ಕಡೆ ಮಾತಾಡಿದ್ರೆ ಸಣ್ಣೋರು ಸಹಿ ಹಾಕಲ್ಲ. ಸಣ್ಣೋರ ಕಡೆ ಮಾತಾಡಿದ್ರೆ ದೊಡ್ಡೋರು ಹಾಕಲ್ಲ."

"ಹಾಗಾದ್ರೆ ಏನು ಹೇಳಲಿ ಸಾರ್?"

"ನಾನಾಗಿದ್ರೆ ಜ್ವರ ಅಂತ ಮಲಗ್ತಿದ್ದೆ."

ನಾನೂ ಮಲಗಿದೆ. ಆದರೆ ಬೆಳಗ್ಗೆ ದೊಡ್ಡ ಯಜಮಾನರೇ ಜೀಪು ತಂದು ಬಾಗಿಲಲ್ಲಿ ಹಾರನ್ ಹೊಡೆಸಿದರು. ತಳಕು ದಾಟಿ ಮೊಳಕಾಲ್ಮೂರು ಮುಟ್ಟುವವರೆಗೂ ಅವರು ಮುಂದಿನ ಸೀಟಿನಿಂದ ತಿರುಗಿ ತಿರುಗಿ "ಹಿರೇಮಗ ಅನ್ನೋದು ಬಾಯಾಗೆ ಬರಬೇಕು ಮೇಷ್ಟ್ರೇ" ಎನ್ನುತ್ತಿದ್ದರು. ಮೆಟ್ಟಿಲು ಹತ್ತುವಾಗ ಸಣ್ಣ ಯಜಮಾನರು ನನ್ನ ತೋಳು ಹಿಡಿದು "ಇಬ್ಬರಿಗೂ ಸಮ ಅನ್ನೋದು ಮರೀಬ್ಯಾಡ್ರಿ" ಎಂದರು. ಇದನ್ನು ಓದುವ ಮೇಷ್ಟ್ರುಗಳು ಯಾರಾದರೂ ಇದ್ದರೆ, ಇಂಥ ದಿನ ನಿಜವಾದ ಜ್ವರ ತರಿಸಿಕೊಳ್ಳಿ.

ಸೀರೆಯ ಬೀರುಗಳ ನಡುವೆ ಬಿಳಿ ಹಾಸಿನ ಮೇಲೆ ಹಿರಿಯರು ಕೂತಿದ್ದರು. ಮುಖ್ಯಸ್ಥರು ಗಡಿಯ ಕಡೆಯವರು, ಅರ್ಧ ಕನ್ನಡ, ಅರ್ಧ ತೆಲುಗು.

"ಮೇಷ್ಟ್ರು ಗಾರೂ, ನಿಜಂ ಚೆಪ್ಪಂಡಿ, ನಿಜ ಹೇಳ್ರಿ. ಈ ಎಸ್ಕ್ವೈರು ಪಾಲಾಗ್ತೈತಾ, ಇಲ್ಲ ಹಿರೇಮಗನಿಗೇ ಹೋಗ್ತೈತಾ?"

ಜೀಪಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಉತ್ತರವನ್ನು ಬಿಚ್ಚಿದೆ. "ಅದು ಕೊಟ್ಟರೆ ಕಡಿಮೆಯಾಗೋ ವಸ್ತು ಅಲ್ಲ ಹಿರಿಯರೇ. ದೀಪದಿಂದ ದೀಪ ಹಚ್ಚಿದ ಹಾಗೆ. ದೊಡ್ಡ ಯಜಮಾನರು ಇಟ್ಟುಕೊಂಡರೂ ಸಣ್ಣ ಯಜಮಾನರಿಗೆ ಕೊರತೆಯಿಲ್ಲ."

ಅಣ್ಣ ತಲೆದೂಗಿದರು. ತಮ್ಮ ಕಾಫಿ ತರಲು ಹೇಳಿದರು. ಎರಡು ಸಹಿಯೂ ಕಣ್ಣಿಗೆ ಕಂಡ ಹಾಗಾಯಿತು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮುಖ್ಯಸ್ಥರು ಅರ್ಧಕ್ಕೆ ಬಿಡುವ ಮನುಷ್ಯರಲ್ಲ.

"ಕಡಿಮೆಯಾಗಲ್ಲ ಅಂದ್ರೆ, ನಾನೂ ಇಟ್ಕಬೋದಾ?"

"ಇಟ್ಕೋಬಹುದು."

"ಜೀಪು ಹೊಡಕಂಡು ಬಂದನಲ್ಲ, ವಾಡು?"

ಎಲ್ಲರೂ ಮೆಟ್ಟಿಲ ಬಳಿ ನಿಂತಿದ್ದ ಡ್ರೈವರನ್ನು ನೋಡಿದರು. ನಾನೂ ನೋಡಿದೆ. ಸುಳ್ಳು ಹೇಳಬಹುದಿತ್ತು. ಆದರೆ ವರ್ಷಗಟ್ಟಲೆ ಸರಿ ಉತ್ತರಕ್ಕೆ ಮಾರ್ಕು ಹಾಕಿದವನ ಬಾಯಲ್ಲಿ ತಪ್ಪು ಉತ್ತರ ಬೇಗ ಹೊರಡುವುದಿಲ್ಲ.

"ಅವನೂ ಇಟ್ಕೋಬಹುದು," ಎಂದೆ.

ಡ್ರೈವರು ಅಂಗಿಯ ಕಾಲರ್ ಸರಿಮಾಡಿಕೊಂಡ. ಕಾಫಿ ತರಲು ಹೊರಟವನನ್ನು ಸಣ್ಣ ಯಜಮಾನರು ಕೈಸನ್ನೆಯಲ್ಲೇ ನಿಲ್ಲಿಸಿದರು.

"ಕಂಡೋರಿಗೆಲ್ಲ ಐತೆ ಅನ್ನೋದಾದ್ರೆ ನಮ್ಮ ತಾತ ಮೊಸರನ್ನ ಕಟ್ಟಿಕೊಟ್ಟಿದ್ದು ಯಾಕೆ?" ಎಂದರು ಅಣ್ಣ.

"ಮೇಷ್ಟ್ರಿಗೆ ಇಂಗ್ಲಿಷು ಪೂರ್ತಿ ಬರಲ್ಲ ಅನ್ಸತೈತೆ ಅಣ್ಣ," ಎಂದರು ತಮ್ಮ.

ನಿಶ್ಚಿತಾರ್ಥದ ದಿನದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ನನ್ನ ದಡ್ಡತನದ ವಿಷಯದಲ್ಲಿ ಒಂದಾದರು. ನನಗೆ ಒಳಗೊಳಗೇ ಕುದಿಯಿತು. ಕುದಿದರೂ ಸಹಿ ಅವರದು.

ಆಮೇಲೆ ಹಿರಿಯರು ನನ್ನನ್ನು ಕೇಳದೆಯೇ ತೀರ್ಮಾನ ಮಾಡಿದರು. ತಳಕಿನ ಹೊಲದ ಬದುವಿನಲ್ಲಿ ಒಂದು ಹುಣಸೆ ಮರವಿತ್ತು, ಅದಕ್ಕೂ ಇಬ್ಬರಿಗೂ ಹಳೆಯ ತಕರಾರು. ಎಸ್ಕ್ವೈರು ಅಣ್ಣನಿಗೆ, ಅದರ ಬದಲಿಗೆ ಹುಣಸೆ ಮರ ತಮ್ಮನಿಗೆ. ಇಂಗ್ಲೆಂಡಿನಲ್ಲಿ ನೂರಾರು ವರ್ಷ ಯಾರೂ ಕಟ್ಟಲಾಗದ ಬೆಲೆಯನ್ನು ಮೊಳಕಾಲ್ಮೂರಿನಲ್ಲಿ ಒಂದು ಬೆಳಗ್ಗೆ ಕಟ್ಟಿದರು. ಇಳಿದು ಬರುವಾಗ ಸಣ್ಣ ಯಜಮಾನರ ಮುಖ ಅರಳಿತ್ತು. ನನ್ನ ಕಿವಿಯಲ್ಲಿ ಅಂದರು: "ಅದು ಕಾಯಿ ಬಿಡ್ತೈತೇನ್ರಿ ಮೇಷ್ಟ್ರೇ? ಮರ ಬಿಡ್ತೈತೆ."

ಲಂಡನ್ನಿಗೆ ಅರ್ಜಿ

ಆ ವರ್ಷ ಮರ ಕಾಯಿ ಬಿಡಲಿಲ್ಲ. ಸಣ್ಣ ಯಜಮಾನರು ತಮ್ಮ ಅಂಗಡಿಯ ಕೈಚೀಲದ ಮೇಲೆ, ಹೆಸರಿನ ಪಕ್ಕ, ಸಣ್ಣ ಅಕ್ಷರದಲ್ಲಿ ಎಸ್ಕ್ವೈರ್ ಅಚ್ಚು ಹಾಕಿಸಿದರು. ಅದಕ್ಕಿಂತ ದೊಡ್ಡ ಪೆಟ್ಟು ಚಳ್ಳಕೆರೆಯಲ್ಲೇ ಬಿತ್ತು. ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಪಂಚಾಯಿತಿಯಲ್ಲಿ ಮೇಷ್ಟ್ರೇ ಹೇಳಿದ್ದನ್ನು ಡ್ರೈವರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಮೇಲೆ ತಮಟೆ ಹೊಡೆಸುವ ಅಗತ್ಯವಿಲ್ಲ.

ಮೊದಲು ಎಸ್ಕ್ವೈರ್ ಪಂಚರ್ ಶಾಪ್ ಬಂತು. ಆಮೇಲೆ ಎಸ್ಕ್ವೈರ್ ಟೈಲರ್ಸ್. ಡ್ರೈವರು ಜೀಪಿನ ಹಿಂಭಾಗದಲ್ಲಿ ತನ್ನ ಹೆಸರು ಬರೆಸಿ ಎಸ್ಕ್ವೈರ್ ಹಾಕಿಸಿದ. ಜೀಪು ಯಜಮಾನರದ್ದು. ಇದನ್ನೆಲ್ಲ ಅವರು ಹೇಗೋ ನುಂಗಿಕೊಂಡರು. ಆದರೆ ಮಿಲ್ಲಿನ ಎದುರಿಗೇ, ಇವರ ಬೋರ್ಡು ಬರೆದವನೇ ಬರೆದ ಎಸ್ಕ್ವೈರ್ ಚಿಕನ್ ಸೆಂಟರ್ ಎದ್ದಿತು. ಯಜಮಾನರು ಲಿಂಗ ಕಟ್ಟಿದವರು, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ಅವತ್ತು ನನ್ನನ್ನು ಕರೆಸಿ ಕಿಟಕಿಯಿಂದ ತೋರಿಸಿದರು. ಅಲ್ಲಿ ಕೋಳಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು.

"ನೀವು ಹಚ್ಚಿದ ದೀಪ ನೋಡ್ರಿ," ಎಂದರು. "ಊರೆಲ್ಲ ಹತ್ಕಂಡು ಉರೀತೈತೆ. ಬಾಯಿ ಮುಚ್ಕಂಡಿದ್ರೆ ಆಗ್ತಿತ್ತು."

"ನಿಜಾನೇ ಹೇಳಿದೆ ಯಜಮಾನ್ರೇ."

"ನಿಮಗೆ ಸಂಬಳ ಕೊಡೋದು ಮಕ್ಕಳಿಗೆ ಹೇಳಾಕೆ. ಊರೋರಿಗಲ್ಲ. ಈಗ ಒಂದು ಕಾಗದ ಬರೀರಿ."

"ಯಾರಿಗೆ?"

"ಲಂಡನ್ನಿಗೆ. ನಮ್ಮ ತಾತಗೆ ಕೊಟ್ಟಿದ್ದು ನಮ್ಮ ಮನೆಗೆ ಮಾತ್ರ, ಕೋಳಿ ಅಂಗಡಿಯೋನಿಗಲ್ಲ ಅಂತ ಅವರೇ ಹೇಳ್ಲಿ."

ಬರೆದೆ. ಬರೆಯದೆ ಏನು ಮಾಡಲಿ? ನನ್ನ ಜೀವಮಾನದ ಅತ್ಯುತ್ತಮ ಇಂಗ್ಲಿಷನ್ನು ನಾನು ಬರೆದದ್ದು ಆ ಕಾಗದದಲ್ಲಿ. ಕಾಲೇಜಿನಲ್ಲಿ ರಾತ್ರಿ ಹಗಲು ಓದಿದ್ದೆಲ್ಲ ಕೊನೆಗೆ ಒಂದು ಚಿಕನ್ ಸೆಂಟರಿನ ಬೋರ್ಡು ತೆಗೆಸಲು ಬಳಕೆಯಾಯಿತು ಎಂದು ಅಂಚೆ ಡಬ್ಬಕ್ಕೆ ಹಾಕುವಾಗ ಅಳು ಬಂದಂತಾಯಿತು. ವಿಳಾಸದಲ್ಲಿ ಇಂಗ್ಲೆಂಡಿನ ಸರ್ಕಾರ, ಲಂಡನ್ ಎಂದಷ್ಟೇ ಇತ್ತು. ಯಜಮಾನರು ಬರೆಸಿದ್ದೇ ಹಾಗೆ.

ಆಮೇಲೆ ದಿನಾ ಅದೇ ಪ್ರಶ್ನೆ. "ಬಂತಾ?" ಅಂಚೆಯವನು ಮಿಲ್ಲಿನ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿಯಲ್ಲಿ ಹೋಗತೊಡಗಿದ. ಮಳೆಗಾಲ ಕಳೆಯಿತು, ಶೇಂಗಾ ಸುಗ್ಗಿಯೂ ಕಳೆಯಿತು. ಉತ್ತರ ಬರಲಿಲ್ಲ. ನನ್ನ ಹುದ್ದೆಗೂ ಇದಕ್ಕೂ ಗಂಟು ಬಿದ್ದಿದೆ ಎಂದು ನನಗೆ ಹೆದರಿಕೆ. ಒಂದು ದಿನ ನಾನೇ ಧೈರ್ಯ ಮಾಡಿ ಹೇಳಿದೆ. "ಅವರು ಬರೆಯೋ ಹಾಗೆ ಕಾಣಲ್ಲ ಯಜಮಾನ್ರೇ."

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಬ್ಯಾಡ ಅನ್ನಂಗಿದ್ರೆ ಬರೀತಿದ್ರು. ಸುಮ್ಮನವ್ರೆ ಅಂದ್ರೆ ಒಪ್ಪಿದ್ರು ಅಂತ. ನಿಮಗೆ ಇಂಗ್ಲಿಷು ಬರ್ತೈತೆ ಮೇಷ್ಟ್ರೇ, ಇಂಗ್ಲಿಷ್ನೋರು ಗೊತ್ತಿಲ್ಲ."

ಸರಿ ಉತ್ತರ

ಎರಡು ಸಾವಿರದ ಇಸವಿ ದಾಟಿದ ಮೇಲೆ ಅನುದಾನ ಬಂತು. ಇಂಗ್ಲಿಷಿಗೆ ಒಂದು ಹುದ್ದೆ. ಸಂದರ್ಶನ ಶಾಸ್ತ್ರಕ್ಕೆ ಮಾತ್ರ, ಹುದ್ದೆ ನಿಮ್ಮದೇ ಎಂದು ಹೆಡ್ಮಾಸ್ತರು ಹೇಳಿದ್ದರು. ಒಬ್ಬನನ್ನೇ ಕರೆದರೆ ಕಡತದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಹಿರಿಯೂರು ಕಡೆಯ ಇನ್ನೊಬ್ಬನಿಗೂ ಕಾಗದ ಹಾಕಿದ್ದರು. ಆಗತಾನೇ ಬಿ.ಎಡ್. ಮುಗಿಸಿದವನು, ಸಾಧು, ಬೆವರುತ್ತಿದ್ದ. ನಾನೇ ಅವನಿಗೆ ಕುಡಿಯಲು ನೀರು ಕೊಟ್ಟು, ಹೆದರಬೇಡಿ ಎಂದು ಬೆನ್ನು ತಟ್ಟಿದೆ. ಗೆಲ್ಲುವವನಿಗೆ ಔದಾರ್ಯ ಸುಲಭ.

ಮನೆಯಿಂದ ಹೊರಡುವಾಗ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಒಂದೇ ಮಾತು ಹೇಳಿದ್ದಳು. "ಕೇಳಿದ್ದಕ್ಕೆಲ್ಲ ನಿಜ ಹೇಳಬ್ಯಾಡಿ. ಬಾಡಿಗೆ ಮನೆ ಇದು."

ಹೊತ್ತು ಉಳಿಯಲಿ ಎಂದು ಇಬ್ಬರನ್ನೂ ಒಟ್ಟಿಗೇ ಒಳಗೆ ಕೂರಿಸಿದರು. ಮೇಜಿನ ಆಚೆ ಅಣ್ಣ, ತಮ್ಮ, ಪಕ್ಕದಲ್ಲಿ ಹೆಡ್ಮಾಸ್ತರು. ದೊಡ್ಡ ಯಜಮಾನರು ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಒಂದೇ ಪ್ರಶ್ನೆ. ಎಸ್ಕ್ವೈರ್ ಅಂದ್ರೆ ಏನು?"

ಹೆಡ್ಮಾಸ್ತರು ಕಣ್ಣು ಮುಚ್ಚಿಕೊಂಡರು. ನನ್ನ ತಲೆಯಲ್ಲಿ ಅರ್ಥಗಳೆಲ್ಲ ಸಾಲಾಗಿ ಎದ್ದು ನಿಂತವು. ಗುರಾಣಿ ಹೊರುವವನು ಎಂದರೆ ಇಬ್ಬರಿಗೂ ಅವಮಾನ. ಜಮೀನ್ದಾರ ಎಂದರೆ ಎಸ್ಕ್ವೈರು ಬಿಟ್ಟುಕೊಟ್ಟು ಮರ ತೆಗೆದುಕೊಂಡ ತಮ್ಮನಿಗೆ ಸಿಟ್ಟು. ಯಾರು ಬೇಕಾದರೂ ಆಗಬಹುದು ಎಂದರೆ ಏನಾಗುತ್ತದೆಂದು ಆಗಲೇ ಕಂಡಿದ್ದೆ. ಯಾರಿಗೂ ನೋಯದ, ಸುಳ್ಳೂ ಅಲ್ಲದ ಉತ್ತರ ಒಂದನ್ನು ಹುಡುಕಿ ಮೆಲ್ಲಗೆ ಹೇಳಿದೆ.

"ಅದೊಂದು ಹಳೆಯ ಗೌರವದ ಪದ. ಈಗ ಬಳಕೆಯಲ್ಲಿಲ್ಲ."

"ಬಳಕೆಯಲ್ಲಿಲ್ಲ?" ದೊಡ್ಡ ಯಜಮಾನರು ಕಿಟಕಿಯ ಕಡೆ ಬೆರಳು ತೋರಿಸಿದರು. ರಸ್ತೆಯಾಚೆ ಮಿಲ್ಲಿನ ಗೇಟಿನ ಮೇಲೆ ಹೊಸದಾಗಿ ಬಣ್ಣ ಹೊಡೆಸಿದ ಬೋರ್ಡು ಬಿಸಿಲಿಗೆ ಹೊಳೆಯುತ್ತಿತ್ತು. "ಅದೇನು ಹಂಗಾದ್ರೆ?"

"ನನ್ನ ಚೀಲದ ಮ್ಯಾಲಿರೋದು?" ಎಂದರು ಸಣ್ಣ ಯಜಮಾನರು.

"ಅದು ಒಪ್ಪಂದಕ್ಕೆ ವಿರುದ್ಧ," ಎಂದರು ಅಣ್ಣ. ಒಂದು ಗಳಿಗೆ ಇಬ್ಬರೂ ಪರಸ್ಪರ ದುರುಗುಟ್ಟಿದರು. ಆಮೇಲೆ ಇಬ್ಬರೂ ಅದೇ ದುರುಗುಟ್ಟುವಿಕೆಯನ್ನು ನನ್ನ ಕಡೆ ತಿರುಗಿಸಿದರು. ಕೊನೆಗೆ ಅಣ್ಣ ಆ ಹೊಸಬನನ್ನು ಕೇಳಿದರು. "ನೀನು ಹೇಳಪ್ಪ."

ಅವನು ಆ ಪದವನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದು ಅವನ ಮುಖದಲ್ಲೇ ಬರೆದಿತ್ತು. ಅವನು ದೊಡ್ಡ ಯಜಮಾನರ ಬೆರಳಿನ ಉಂಗುರ ನೋಡಿದ, ಸಣ್ಣ ಯಜಮಾನರ ಹೆಗಲಿನ ಶಲ್ಯ ನೋಡಿದ, ಇಬ್ಬರ ನಡುವಿನ ಖಾಲಿ ಗೋಡೆಯ ಕಡೆ ತಿರುಗಿ ಕೈಮುಗಿದ.

"ನಿಮ್ಮಂಥ ದೊಡ್ಡೋರಿಗೆ ಹೇಳೋ ಮಾತು ಸಾರ್."

ಅಣ್ಣ ತನಗೇ ಹೇಳಿದ ಎಂದುಕೊಂಡರು. ತಮ್ಮ ತನಗೇ ಹೇಳಿದ ಎಂದುಕೊಂಡರು. ಇಬ್ಬರ ಮುಖದಲ್ಲೂ ಒಂದೇ ನಗು ಬಂತು, ಒಡಹುಟ್ಟಿದವರು ಎಂಬುದು ಅವತ್ತು ಚೆನ್ನಾಗಿ ಗೊತ್ತಾಯಿತು. ನಾನು ಆರೇಳು ವರ್ಷ ಕಾದ ಎರಡು ಸಹಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಿದ್ದವು. ಪೆನ್ನು ಯಾರ ಹತ್ತಿರವೂ ಇರಲಿಲ್ಲ. ನನ್ನದನ್ನೇ ಕೇಳಿ ತೆಗೆದುಕೊಂಡರು.

ಹೊರಗೆ ಬಂದು ಸ್ಟಾಫ್ ರೂಮಿನಲ್ಲಿ ಕೂತೆ. ಬಾಡಿಗೆ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ? ಸುಳ್ಳು ಹೇಳಲಿಲ್ಲ ಎಂದು ಹೇಳಲೇ, ನಿಜವನ್ನೂ ಪೂರ್ತಿ ಹೇಳಲಿಲ್ಲ ಎಂದು ಹೇಳಲೇ? ಅಷ್ಟರಲ್ಲಿ ಆ ಹೊಸಬ ಬಂದು ಎದುರಿಗೆ ನಿಂತ. ಪಾಪ, ನಿಜವಾಗಿಯೂ ಸಂಕೋಚ ಪಡುತ್ತಿದ್ದ.

"ಬೇಜಾರು ಮಾಡ್ಕಬ್ಯಾಡಿ ಸಾರ್. ನಿಮ್ಮನ್ನ ಒಂದು ಕೇಳಲಾ? ಆ ಪದಕ್ಕೆ ನಿಜವಾದ ಅರ್ಥ ಏನು? ನಾಳೆ ಮಕ್ಕಳು ಕೇಳಿದ್ರೆ ಹೇಳಬೇಕಲ್ಲ."

ಗುರಾಣಿಯಿಂದ ಶುರುಮಾಡಲು ಬಾಯಿ ತೆರೆದೆ. ಆಮೇಲೆ ಅನ್ನಿಸಿತು, ಈ ಪದ ಹುಟ್ಟಿದಾಗಿನಿಂದ ಮಾಡಿದ್ದಾದರೂ ಏನು? ಯಾರಿಂದ ಕೆಲಸ ಆಗಬೇಕೋ ಅವರ ಹೆಸರಿಗೆ ಜನ ಅದನ್ನು ಅಂಟಿಸುತ್ತಾ ಬಂದರು. ಆ ದೊರೆ ಎತ್ತಿನ ಗಾಡಿಗಾಗಿ ಅಂಟಿಸಿದ. ಇವನು ನೌಕರಿಗಾಗಿ ಅಂಟಿಸಿದ.

"ನೀವು ಹೇಳಿದ್ದೇ," ಎಂದೆ.

"ನಿಜವಾಗ್ಲೂ ಸಾರ್?"

"ನಿಜವಾಗ್ಲೂ. ಡಿಕ್ಷನರಿಯೋರು ಅದನ್ನೇ ಸುತ್ತಿ ಬಳಸಿ ಬರೆದಿದ್ದಾರೆ."

ಅವನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್ಡಿಗೆ ಬೆಲ್ಲು ಹೊಡೆಯಿತು. ಅಭ್ಯಾಸಬಲದಿಂದ ನಾನು ಎದ್ದು ನಿಂತೆ. ಅವನು ನನ್ನ ಭುಜ ಮುಟ್ಟಿ, ದೊಡ್ಡವರನ್ನು ಕೂರಿಸುವಷ್ಟೇ ಗೌರವದಿಂದ ಮತ್ತೆ ಕುರ್ಚಿಯಲ್ಲಿ ಕೂರಿಸಿದ.

"ನೀವು ಕೂತ್ಕಳಿ ಸಾರ್, ನಾನು ಹೋಗ್ತೀನಿ," ಎಂದು ಹೇಳಿ, ಮೇಜಿನ ಮೇಲಿದ್ದ ನನ್ನ ಚಾಕ್‌ಪೀಸ್ ಡಬ್ಬಿ ತೆಗೆದುಕೊಂಡು ಹೊರಟ.